ರಾಜಕಾಲುವೆಗೆ ಕಣ್ಣು ಬಂತು, ಕೈ ಎಲ್ಲಿದೆ? ಬೆಂಗಳೂರಿನ ನೀರಿನಮಟ್ಟದ ಸೆನ್ಸರ್‌ಗಳ ಪ್ರಕರಣ ಅಧ್ಯಯನ

2023ರ ಮೇ 21, ಭಾನುವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಬಿರುಗಾಳಿ ಎದ್ದು ಆಲಿಕಲ್ಲು ಸಹಿತ ಮಳೆ ಸುರಿಯಿತು. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿರುವ ಕೆ.ಆರ್. ವೃತ್ತದ ಅಂಡರ್‌ಪಾಸ್ ನೋಡನೋಡುತ್ತಿದ್ದಂತೆ ತುಂಬಿಕೊಂಡಿತು. ಆಂಧ್ರದಿಂದ ಬಂದಿದ್ದ ಕುಟುಂಬವೊಂದು ಕುಳಿತಿದ್ದ ಕಾರು ಆ ನೀರಿಗೆ ಇಳಿದು ನಿಂತುಬಿಟ್ಟಿತು. ಸ್ಥಳದಲ್ಲಿದ್ದವರು ಮತ್ತು ರಕ್ಷಣಾ ಸಿಬ್ಬಂದಿ ಸೇರಿ ಒಳಗಿದ್ದವರನ್ನು ಹೊರತೆಗೆದರು. ಒಬ್ಬ ಯುವತಿ ಮಾತ್ರ ಬದುಕಿ ಉಳಿಯಲಿಲ್ಲ. ಹಿಂದಿನ ದಿನವಷ್ಟೇ ಪ್ರಮಾಣವಚನ ಸ್ವೀಕರಿಸಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ, ಅಂಡರ್‌ಪಾಸ್‌ಗೆ ಅಡ್ಡಲಾಗಿ ಇಟ್ಟಿದ್ದ ಬ್ಯಾರಿಕೇಡ್ ಮಳೆಗೆ ಬಿದ್ದುಹೋಗಿತ್ತು ಎಂದರು. ನೀರು ಇಳಿದುಹೋಗಬೇಕಾಗಿದ್ದ ದಾರಿಯನ್ನು ಉದುರಿದ ಎಲೆ ಮತ್ತು ಕಸ ಮುಚ್ಚಿದ್ದವು.

ಆ ಹೊತ್ತಿಗೆ ಬೆಂಗಳೂರು ಮಳೆ ಅಳೆಯುವ ವಿಷಯದಲ್ಲಿ ದೇಶದ ಹಲವು ನಗರಗಳಿಗಿಂತ ಮುಂದಿತ್ತು. ನಗರದ ತುಂಬ ತಾನಾಗಿ ದತ್ತಾಂಶ ಕಳಿಸುವ ಮಳೆಮಾಪಕಗಳಿದ್ದವು. ಮಳೆನೀರು ಸಾಗಿಸುವ ದೊಡ್ಡ ಕಾಲುವೆಗಳಾದ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿದ್ದವು. ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಪ್ರವಾಹ ಮಾದರಿ (ಎಷ್ಟು ಮಳೆಗೆ ಎಲ್ಲಿ ನೀರು ನಿಲ್ಲಬಹುದು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ) ಇತ್ತು, ಜನರ ಕೈಗೆ ಒಂದು ಮೊಬೈಲ್ ಆ್ಯಪ್ ಕೂಡ ಬಂದಿತ್ತು. ಅಂಡರ್‌ಪಾಸ್‌ನ ಬಾಯಲ್ಲಿ ಆ ಚಾಲಕನನ್ನು ತಡೆಯುವಂಥದ್ದು ಮಾತ್ರ ಯಾವುದೂ ನಿಂತಿರಲಿಲ್ಲ. ಈ ಅಧ್ಯಯನದ ವಿಷಯ ಆ ಅಂತರವೇ. ಚರಂಡಿಗೆ ಸೆನ್ಸರ್ ಹಾಕಿದರೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ, ಗೊತ್ತಾದ ಮೇಲೆ ಯಾರು ಏನು ಮಾಡಬೇಕು ಎಂಬುದನ್ನು ಬೆಂಗಳೂರಿನ ಉದಾಹರಣೆಯಲ್ಲೇ ನೋಡೋಣ.

ನೆಲ ಮತ್ತು ನೀರಿನ ಲೆಕ್ಕ

ಬೆಂಗಳೂರು ನದಿ ದಡದ ಊರಲ್ಲ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳ ಮೂಲಕ ಇಳಿದು ಹೋಗುತ್ತದೆ. ವೃಷಭಾವತಿಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋದರೆ, ಉಳಿದದ್ದು ದಕ್ಷಿಣ ಪಿನಾಕಿನಿಯ ಕಡೆಗೆ. ದಿಣ್ಣೆಯ ಮೇಲಿನ ಊರು ಮುಳುಗುತ್ತದೆ ಎಂದರೆ ಹೊರಗಿನವರಿಗೆ ನಗು ಬರುತ್ತದೆ. ಆದರೆ ಕಣಿವೆಯ ತಳದಲ್ಲಿ ಮನೆ ಕಟ್ಟಿಕೊಂಡವರಿಗೆ ದಿಣ್ಣೆಯ ಎತ್ತರದಿಂದ ಆಗುವ ಉಪಕಾರವೇನೂ ಇಲ್ಲ. ಮೇಲಿನವರ ನೀರು ಅವರತ್ತ ಇನ್ನಷ್ಟು ರಭಸದಿಂದ ಬರುತ್ತದೆ, ಅಷ್ಟೇ.

ಹಿಂದೆ ಈ ರಭಸವನ್ನು ಮುರಿಯುತ್ತಿದ್ದದ್ದು ಕೆರೆಗಳ ಸರಣಿ. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಹೋಗುತ್ತಿತ್ತು. ಆ ಕಾಲುವೆಗಳೇ ಇಂದಿನ ರಾಜಕಾಲುವೆಗಳು. ನಗರದ ಮಳೆನೀರು ನಿರ್ವಹಣೆಯ ಬಗ್ಗೆ 2021ರಲ್ಲಿ ಹೊರಬಂದ ಮಹಾಲೇಖಪಾಲರ ವರದಿ ಈ ಜಾಲದ ಸ್ಥಿತಿಯನ್ನು ಅಂಕಿಗಳಲ್ಲಿ ಹೇಳಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಇದ್ದ ಕಾಲುವೆಗಳ ಉದ್ದ 2016-17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 110.75 ಕಿ.ಮೀ. ಆಗಿತ್ತು. ಹೆಚ್ಚುಕಡಿಮೆ ಅರ್ಧ ಮಾಯ.

ಕಾಲುವೆ ಕುಗ್ಗಿದ ಅದೇ ಅವಧಿಯಲ್ಲಿ ಕಾಲುವೆಗೆ ಬರುವ ನೀರು ಹೆಚ್ಚಿತು. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಗಂಟೆಗೆ 50 ಮಿ.ಮೀ. ತೀವ್ರತೆಯಲ್ಲಿ ಮಳೆ ಸುರಿಯುತ್ತಿದೆ ಎಂದುಕೊಳ್ಳಿ. ಮಣ್ಣು, ಹುಲ್ಲು, ತೋಟಗಳಿರುವ ಜಾಗವಾದರೆ ಅದರಲ್ಲಿ ಸುಮಾರು ಶೇ 30ರಷ್ಟು ಮಾತ್ರ ಮೇಲ್ಮೈ ಮೇಲೆ ಹರಿಯುತ್ತದೆ. ಅಂದರೆ ಕಾಲುವೆಗೆ ಸೆಕೆಂಡಿಗೆ ಸುಮಾರು 4.2 ಘನ ಮೀಟರ್ ನೀರು. ಅದೇ ಜಾಗ ಕಾಂಕ್ರೀಟು, ಡಾಂಬರು, ತಾರಸಿಗಳಿಂದ ತುಂಬಿ ಶೇ 90ರಷ್ಟು ಹರಿದರೆ ಸೆಕೆಂಡಿಗೆ 12.5 ಘನ ಮೀಟರ್. ಮೂರು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹರಿದರೂ ಅದು ಸಾಗಿಸಬಲ್ಲದ್ದು 9 ಘನ ಮೀಟರ್. ಮೊದಲನೆಯ ಲೆಕ್ಕಕ್ಕೆ ಆ ಕಾಲುವೆ ಧಾರಾಳ, ಎರಡನೆಯದಕ್ಕೆ ಸಾಲದು. ಮಳೆ ಹೆಚ್ಚಾಗದೆಯೂ ಪ್ರವಾಹ ಬರುವುದು ಹೀಗೆ. ಈ ಕೊರತೆಯನ್ನು ಯಾವ ಸೆನ್ಸರ್‌ನಿಂದಲೂ ತುಂಬಲಾಗದು ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಏನೇನು ಅಳವಡಿಸಲಾಯಿತು

ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು. ಬರ ನೋಡಲು ಹುಟ್ಟಿದ ಸಂಸ್ಥೆಯೇ ಮುಂದೆ ನೆರೆಯನ್ನೂ ನೋಡಿಕೊಳ್ಳಬೇಕಾಗಿ ಬಂತು. ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟಕ್ಕೂ ಮಳೆಮಾಪಕಗಳನ್ನು ಒಯ್ದ ಈ ಕೇಂದ್ರ, ಬೆಂಗಳೂರು ನಗರದಲ್ಲೂ ಸುಮಾರು ನೂರು ಮಾಪಕಗಳ ಜಾಲ ಬೆಳೆಸಿತು. ಅವು ಪ್ರತಿ 15 ನಿಮಿಷಕ್ಕೊಮ್ಮೆ ತಮ್ಮ ಅಳತೆ ಕಳಿಸುತ್ತವೆ. ಇದರ ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಜಲವಿಜ್ಞಾನಿ ಪ್ರೊ. ಪಿ.ಪಿ. ಮುಜುಂದಾರ್ ಅವರ ತಂಡ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಗರ ಪ್ರವಾಹ ಮಾದರಿಯೊಂದನ್ನು ಸಿದ್ಧಪಡಿಸಿತು. ಮಾದರಿಗೆ ನಿಜವಾದ ನೀರಿನ ಮಟ್ಟದ ಅಳತೆ ಬೇಕಲ್ಲ, ಅದಕ್ಕಾಗಿ ಆರಂಭದಲ್ಲಿ 25 ಸೆನ್ಸರ್‌ಗಳನ್ನು ದೊಡ್ಡ ರಾಜಕಾಲುವೆಗಳಲ್ಲಿ ಕೂರಿಸಲಾಯಿತು. ಆಗಿನ ನಗರಪಾಲಿಕೆ ಬಿಬಿಎಂಪಿ ಮುಂದೆ ಈ ಸಂಖ್ಯೆಯನ್ನು ನೂರರಾಚೆಗೆ ಬೆಳೆಸಿತು. 2020ರಲ್ಲಿ ‘ಮೇಘ ಸಂದೇಶ’ ಆ್ಯಪ್ ಬಂತು. ತಮ್ಮ ಬಡಾವಣೆಯಲ್ಲಿ ಎಷ್ಟು ಮಳೆಯಾಗುತ್ತಿದೆ, ಎಲ್ಲೆಲ್ಲಿ ನೀರು ನಿಲ್ಲುವ ಸಾಧ್ಯತೆ ಇದೆ ಎಂಬುದನ್ನು ಜನ ಅದರಲ್ಲಿ ನೋಡಬಹುದಾಗಿತ್ತು.

ಸೆನ್ಸರ್‌ನ ಕೆಲಸ ಕೇಳಲು ಸರಳ. ಕಾಲುವೆಯ ಮೇಲೆ ಸೇತುವೆಗೋ ಚಾಚು ಕಂಬಕ್ಕೋ ಕೆಳಮುಖವಾಗಿ ಬಿಗಿದ ಪುಟ್ಟ ಪೆಟ್ಟಿಗೆ ಕಿವಿಗೆ ಕೇಳದ ಶ್ರವಣಾತೀತ ಶಬ್ದತರಂಗವನ್ನು ನೀರಿನತ್ತ ಬಿಡುತ್ತದೆ. ತರಂಗ ನೀರಿಗೆ ಬಡಿದು ಹಿಂದಿರುಗಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಮೂರು ಮೀಟರ್ ಕೆಳಗೆ ನೀರಿದ್ದರೆ ಹೋಗಿಬರಲು ಸುಮಾರು 17 ಮಿಲಿಸೆಕೆಂಡ್ ಬೇಕು. ಪೆಟ್ಟಿಗೆಯಿಂದ ಕಾಲುವೆಯ ತಳಕ್ಕಿರುವ ಎತ್ತರದಿಂದ ಈ ದೂರವನ್ನು ಕಳೆದರೆ ನೀರಿನ ಮಟ್ಟ ಸಿಕ್ಕಿತು. ಪಕ್ಕದಲ್ಲಿ ಸೌರಫಲಕ, ಬ್ಯಾಟರಿ, ಒಂದು ಮೊಬೈಲ್ ಸಿಮ್. ಕಾಲುವೆ ಎಷ್ಟು ತುಂಬಿದೆ ಎಂಬುದಕ್ಕೆ ತಕ್ಕಂತೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹಸಿರು, ಹಳದಿ ಅಥವಾ ಕೆಂಪು ಬಣ್ಣ ಮೂಡುತ್ತದೆ.

ಬೆಂಗಳೂರಿನ ರಾಜಕಾಲುವೆ ಮಾತ್ರ ಪ್ರಯೋಗಾಲಯದ ತೊಟ್ಟಿಯಲ್ಲ. ಗಾಳಿಯಲ್ಲಿ ಶಬ್ದದ ವೇಗ ತಾಪಮಾನದ ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಷ್ಟು ಬದಲಾಗುತ್ತದೆ. ಬಿಸಿಲಿಗೆ ಕಾದ ಪೆಟ್ಟಿಗೆಯೊಳಗಿನ ಉಷ್ಣತೆಗೂ ಕೆಳಗಿನ ತಂಪು ಗಾಳಿಗೂ 20 ಡಿಗ್ರಿ ವ್ಯತ್ಯಾಸವಿದ್ದರೆ ಮೂರು ಮೀಟರ್ ಅಳತೆಯಲ್ಲಿ ಸುಮಾರು ಹತ್ತು ಸೆಂಟಿಮೀಟರ್ ತಪ್ಪು ನುಸುಳಬಹುದು. ಪೆಟ್ಟಿಗೆಗೆ ನೆರಳು ಮಾಡುವ ಒಂದು ತಗಡು ಈ ತಪ್ಪನ್ನು ಬಹುಮಟ್ಟಿಗೆ ನಿವಾರಿಸುತ್ತದೆ, ಆದರೆ ಅದನ್ನು ಹಾಕಬೇಕೆಂದು ಟೆಂಡರಿನಲ್ಲಿ ಬರೆದಿರಬೇಕು. ಎರಡನೆಯದು ನೊರೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ದೇಶವೇ ನೋಡಿದೆ. ಆ ಕೆರೆಗಳಿಗೆ ನೀರು ತರುವ ಕಾಲುವೆಯಲ್ಲಿ ನೊರೆ ಎದ್ದಾಗ ತರಂಗ ನೊರೆಯ ನೆತ್ತಿಗೇ ಬಡಿದು ಮರಳಬಹುದು, ಇಲ್ಲವೇ ಅದರೊಳಗೇ ಅಡಗಿಹೋಗಬಹುದು. ಪೆಟ್ಟಿಗೆಯ ಬಾಯಿಗೆ ಜೇಡ ಬಲೆ ಕಟ್ಟಿದರೂ ‘ಕಾಲುವೆ ತುಂಬಿದೆ’ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ತಾಮ್ರದ ತಂತಿ, ಬೆಸುಗೆಗಳನ್ನು ತಿನ್ನುತ್ತದೆ. ರೇಡಾರ್ ಸೆನ್ಸರ್‌ಗಳು ತಾಪಮಾನಕ್ಕೆ ಜಗ್ಗುವುದಿಲ್ಲ, ಆದರೆ ಬೆಲೆ ಹೆಚ್ಚು. ತಳದಲ್ಲಿ ಮುಳುಗಿಸಿಡುವ ಒತ್ತಡದ ಸೆನ್ಸರ್‌ಗಳು ಅಗ್ಗವೇ, ಆದರೆ ಅವು ಒಂದೇ ಮಳೆಗಾಲದಲ್ಲಿ ಹೂಳಿನಡಿ ಸಮಾಧಿಯಾಗುತ್ತವೆ.

ಇನ್ನು ಮೌನದ ಸಮಸ್ಯೆ. ಜೋರು ಮಳೆಯಲ್ಲಿ ವಿದ್ಯುತ್ ಹೋಗಿ ಮೊಬೈಲ್ ಗೋಪುರ ಕೈಕೊಟ್ಟರೆ ಸೆನ್ಸರ್‌ನ ಸಂದೇಶ ಬರುವುದೇ ಇಲ್ಲ. ಪರದೆಯ ಮೇಲೆ ಕೊನೆಯದಾಗಿ ಬಂದ ಹಸಿರು ಬಣ್ಣವೇ ಉಳಿದುಕೊಂಡಿದ್ದರೆ ಅದನ್ನು ನೋಡುವವರಿಗೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ನನ್ನ ಮಟ್ಟಿಗೆ ಇಂಥ ವ್ಯವಸ್ಥೆಯ ಮೊದಲ ಪರೀಕ್ಷೆ ಇದು: ಮಳೆ ಬರುತ್ತಿರುವಾಗ ಸುದ್ದಿ ಕಳಿಸದ ಸೆನ್ಸರ್ ಪರದೆಯ ಮೇಲೆ ಯಾವ ಬಣ್ಣದಲ್ಲಿ ಕಾಣುತ್ತದೆ? ಕೆಂಪಲ್ಲದಿದ್ದರೆ ಆ ಪರದೆಯನ್ನು ನಂಬಬಾರದು.

ಸಮಯವೂ ಬಿಗಿ. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹರಿದರೆ ಮೂರು ಕಿಲೋಮೀಟರ್ ಮೇಲಿನ ಸೆನ್ಸರ್ ಕಂಡ ಏರಿಕೆ ತಗ್ಗಿನ ಬಡಾವಣೆಗೆ ತಲುಪಲು 25 ನಿಮಿಷ ಸಾಕು. ಅಳತೆ 15 ನಿಮಿಷಕ್ಕೊಮ್ಮೆ ಬರುವುದಾದರೆ ಆ 25ರಲ್ಲಿ 15 ನಿಮಿಷ ಕಾಯುವುದರಲ್ಲೇ ಕಳೆದುಹೋಗಬಹುದು. ಒಣ ದಿನಗಳಲ್ಲಿ ಅಪರೂಪಕ್ಕೆ ಅಳೆದು ಬ್ಯಾಟರಿ ಉಳಿಸಿಕೊಂಡು, ಹತ್ತಿರದ ಮಳೆಮಾಪಕ ಎಚ್ಚರಿಸಿದ ಕೂಡಲೇ ನಿಮಿಷಕ್ಕೊಮ್ಮೆ ಅಳೆಯುವಂತೆ ಸೆನ್ಸರ್‌ಗೆ ಹೇಳಿಕೊಡುವುದು ತಾಂತ್ರಿಕವಾಗಿ ಕಷ್ಟವೇನಲ್ಲ.

2022ರ ಸೆಪ್ಟೆಂಬರ್

ಜಾಲ ಬೆಳೆಯುತ್ತಿದ್ದ ಹೊತ್ತಿಗೇ ಅದಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆ ಸ್ತಬ್ಧವಾಗಿ, ನೌಕರರು ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡದ್ದರಿಂದ 225 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಲ್ಲಿನ ಕಂಪನಿಗಳ ಒಕ್ಕೂಟ ಸರ್ಕಾರಕ್ಕೆ ಪತ್ರ ಬರೆಯಿತು. ಅದರ ಬೆನ್ನಿಗೇ ಸೆಪ್ಟೆಂಬರ್ 4ರ ರಾತ್ರಿ ಮತ್ತೆ ಮಳೆ. 5ರ ಬೆಳಗಿನ ಹೊತ್ತಿಗೆ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ದಾಖಲಾಗಿತ್ತು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಜಲಾವೃತವಾದವು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೀರು ನುಗ್ಗಿದ್ದರಿಂದ ಬೆಂಗಳೂರಿಗೆ ಕಾವೇರಿ ಪೂರೈಕೆ ನಿಂತಿತು. ಮನೆಯೊಳಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿಯೂ ಇಲ್ಲ.

ಅಂಥ ರಾತ್ರಿ ರಾಜಕಾಲುವೆಯ ಸೆನ್ಸರ್ ಏನು ಹೇಳಬಲ್ಲದು? ‘ತುಂಬಿದೆ’ ಎಂದಷ್ಟೇ. ಆಗಸ್ಟ್ ಮಳೆಗೇ ಕೆರೆಗಳು ಕೋಡಿ ಹರಿದಿದ್ದವು, ಮೇಲಿಂದ ಬಂದ ನೀರನ್ನು ಹಿಡಿದಿಡಲು ಎಲ್ಲೂ ಜಾಗವಿರಲಿಲ್ಲ. ಕೆರೆಯಿಂದ ಕೆರೆಗೆ ನೀರು ಹೋಗುತ್ತಿದ್ದ ದಾರಿಯಲ್ಲೇ ಬಡಾವಣೆಗಳು ಎದ್ದಿದ್ದವು, ನೀರು ತನ್ನ ಹಳೆಯ ದಾರಿಯಲ್ಲೇ ಬಂತು. ಎರಡು ಗಂಟೆ ಮೊದಲೇ ಎಚ್ಚರಿಕೆ ಸಿಕ್ಕಿದ್ದರೂ ಕಾರುಗಳನ್ನು ಎತ್ತರಕ್ಕೆ ಸಾಗಿಸಬಹುದಿತ್ತು, ವೃದ್ಧರನ್ನು ಮೇಲಿನ ಮಹಡಿಗೆ ಕರೆದೊಯ್ಯಬಹುದಿತ್ತು, ನೆಲಮಾಳಿಗೆಯ ವಿದ್ಯುತ್ ತೆಗೆಯಬಹುದಿತ್ತು. ಇವೆಲ್ಲ ಸಣ್ಣ ಸಂಗತಿಗಳಲ್ಲ. ಆದರೆ ಪ್ರವಾಹ ನಿಲ್ಲುತ್ತಿರಲಿಲ್ಲ. ಸೆನ್ಸರ್ ಮಾರುವವರ ಭಾಷೆಯಲ್ಲಿ ‘ಪ್ರವಾಹ ತಡೆ’ ಎಂಬ ಮಾತು ಬಂದಾಗಲೆಲ್ಲ ಈ ರಾತ್ರಿಯನ್ನು ನೆನೆಯಬೇಕು.

ರಸ್ತೆ ಮುಳುಗಿದೆ, ರಾಜಕಾಲುವೆ ಖಾಲಿ ಇದೆ

ನಗರದ ದಿನನಿತ್ಯದ ಜಲಾವೃತ ರಸ್ತೆಗಳ ಕಥೆ ಬೇರೆ. ಅರ್ಧ ಗಂಟೆ ಮಳೆಗೇ ವೃತ್ತಗಳು ಕೆರೆಯಾಗುತ್ತವೆ. ಅನೇಕ ಸಲ ಆಗ ಹತ್ತಿರದ ರಾಜಕಾಲುವೆ ತುಂಬಿರುವುದೇ ಇಲ್ಲ. ನೀರು ರಸ್ತೆಯಿಂದ ರಾಜಕಾಲುವೆಗೆ ತಲುಪಬೇಕಾದರೆ ಮೊದಲು ರಸ್ತೆ ಅಂಚಿನ ಕಿಂಡಿಯಲ್ಲಿ ಇಳಿಯಬೇಕು, ನಂತರ ರಸ್ತೆಬದಿ ಚರಂಡಿಯಲ್ಲಿ ಹರಿಯಬೇಕು, ಆಮೇಲೆ ಅಡ್ಡಮೋರಿ ದಾಟಬೇಕು. ಈ ಸರಪಳಿಯಲ್ಲಿ ತುಂಡಾಗಿರುವ ಕೊಂಡಿ ಸಾಮಾನ್ಯವಾಗಿ ಮೊದಲನೆಯದೇ. ಕಿಂಡಿಯ ಜಾಲರಿಗೆ ಎಲೆ, ಪ್ಲಾಸ್ಟಿಕ್ ಕವರ್, ತೆಂಗಿನ ಚಿಪ್ಪು ಅಂಟಿಕೊಂಡಿರುತ್ತವೆ. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿದ್ದರಿಂದ ನೀರಿನ ಓಟವೇ ಕಿಂಡಿಯಿಂದ ಬೇರೆಡೆಗೆ ತಿರುಗಿರುತ್ತದೆ. ಚರಂಡಿಯೊಳಗೆ ಇಂಟರ್ನೆಟ್ ಕೇಬಲ್‌ಗಳ ಕಂತೆ ಕಸವನ್ನು ಹಿಡಿದು ನಿಲ್ಲಿಸಿರುತ್ತದೆ. ಕಟ್ಟಡ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಸಿಮೆಂಟು ಒಳಗೆ ಗಟ್ಟಿಯಾಗಿ ಕುಳಿತಿರುತ್ತದೆ.

ಹೀಗಾಗಿ ದೊಡ್ಡ ಕಾಲುವೆಯ ಸೆನ್ಸರ್ ಹಸಿರು ತೋರಿಸುತ್ತಿರುವಾಗಲೇ ರಸ್ತೆಯಲ್ಲಿ ಸ್ಕೂಟರ್‌ಗಳು ಕೆಟ್ಟು ನಿಂತಿರುತ್ತವೆ. ಇದನ್ನು ಕಂಡವರು ಸೆನ್ಸರ್ ಹಾಳಾಗಿದೆ ಎನ್ನುತ್ತಾರೆ. ನನಗೆ ತೋರುವಂತೆ ಇಡೀ ವ್ಯವಸ್ಥೆ ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಸುದ್ದಿ ಇದೇ. ಮಳೆಮಾಪಕ ಜೋರು ಮಳೆ ತೋರಿಸುತ್ತಿದೆ, ರಸ್ತೆಯ ತಗ್ಗಿನಲ್ಲಿ ಕೂರಿಸಿದ ಸೆನ್ಸರ್ ನೀರು ಕಂಡಿದೆ, ರಾಜಕಾಲುವೆಯ ಮಟ್ಟ ಮಾತ್ರ ಏರುತ್ತಿಲ್ಲ ಎಂದಾದರೆ ಅರ್ಥ ಒಂದೇ: ನೀರು ಕಾಲುವೆಗೆ ಬಂದೇ ಇಲ್ಲ, ದಾರಿಯಲ್ಲೇ ಎಲ್ಲೋ ಕಟ್ಟಿಕೊಂಡಿದೆ. ಅದನ್ನು ಬಿಡಿಸಲು ಕೋಟಿಗಳ ಯೋಜನೆ ಬೇಡ. ಒಂದು ಸಲಾಕೆ, ಒಂದು ಕುಂಟೆ, ಇಬ್ಬರು ಕೆಲಸಗಾರರು, ಜಾಲರಿ ಎತ್ತುವ ಅಧಿಕಾರ ಸಾಕು. ರಸ್ತೆಯೂ ಮುಳುಗಿ ಕಾಲುವೆಯೂ ಕೆಂಪಾಗಿದ್ದರೆ ಅಲ್ಲಿಗೆ ಕುಂಟೆ ಹಿಡಿದವರನ್ನು ಕಳಿಸಿ ಪ್ರಯೋಜನವಿಲ್ಲ. ಆಗ ಬೇಕಾದವರು ಸಂಚಾರ ಪೊಲೀಸರು ಮತ್ತು ರಕ್ಷಣಾ ತಂಡ. ಒಂದೇ ಸೆನ್ಸರ್‌ನ ಬಣ್ಣ ನೋಡಿ ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಲಾಗದು. ಅಳತೆಗಳ ನಡುವಿನ ವ್ಯತ್ಯಾಸವನ್ನು ಓದಬೇಕು.

ಇದೇ ತರ್ಕ ಮೋರಿಗಳಿಗೂ ಹೊಂದುತ್ತದೆ. 2025ರ ಮೇ ತಿಂಗಳ ಮಳೆಯಲ್ಲಿ ಹೊರಮಾವು ಬಳಿಯ ಸಾಯಿ ಲೇಔಟ್ ಮುಳುಗಿದಾಗ ಎಲ್ಲರ ಬೆರಳು ತೋರಿದ್ದು ಕೆಳಭಾಗದ ರೈಲ್ವೆ ಹಳಿಯಡಿಯ ಕಿರಿದಾದ ಮೋರಿಯತ್ತ. ಮೇಲಿನ ಕಾಲುವೆಯನ್ನು ಎಷ್ಟೇ ಅಗಲ ಮಾಡಿದರೂ ಕೆಳಗಿನ ಕುತ್ತಿಗೆ ಅಷ್ಟೇ ಇದ್ದರೆ ನೀರು ಹಿಂದಕ್ಕೆ ಒತ್ತುತ್ತದೆ. ಮೋರಿಯ ಮೇಲ್ಬದಿಗೊಂದು ಕೆಳಬದಿಗೊಂದು ಸೆನ್ಸರ್ ಇಟ್ಟರೆ ಎರಡರ ಮಟ್ಟದ ಅಂತರವೇ ಈ ಅಡ್ಡಿಯ ಅಳತೆ. ಹಲವು ಮಳೆಗಳ ದಾಖಲೆ ಕೂಡಿದರೆ, ರೈಲ್ವೆಯೂ ಪಾಲಿಕೆಯೂ ಪರಸ್ಪರ ಪತ್ರ ಬರೆದುಕೊಳ್ಳುವಾಗ ‘ನಮ್ಮ ಭಾಗದಲ್ಲಿ ತೊಂದರೆ ಇಲ್ಲ’ ಎಂಬ ವಾಕ್ಯಕ್ಕೆ ಉತ್ತರ ಸಿಗುತ್ತದೆ. ಒಂದೇ ಮೋರಿಗೆ ಎರಡು ಸೆನ್ಸರ್ ಎಂದರೆ ಖರ್ಚು ದುಪ್ಪಟ್ಟು ಎನ್ನುವವರಿದ್ದಾರೆ. ತುಂಬಿದಾಗ ತುಂಬಿದೆ ಎಂದು ಹೇಳುವ ನೂರು ಸೆನ್ಸರ್‌ಗಳಿಗಿಂತ ಯಾಕೆ ತುಂಬಿತು ಎಂದು ಹೇಳುವ ಐವತ್ತು ಜೋಡಿಗಳು ಮೇಲು.

ಹೂಳಿನ ಬಿಲ್

ಸೆನ್ಸರ್‌ಗಳಿಗೆ ಮಳೆಯಿಲ್ಲದ ತಿಂಗಳುಗಳಲ್ಲೂ ಕೆಲಸವಿದೆ. ಇದರ ಬಗ್ಗೆ ಮಾತು ಕಡಿಮೆ. ಬೆಂಗಳೂರಿನ ರಾಜಕಾಲುವೆಗಳು ಬೇಸಿಗೆಯಲ್ಲೂ ಒಣಗುವುದಿಲ್ಲ, ಕೊಳಚೆ ನೀರು ಸದಾ ಹರಿಯುತ್ತಿರುತ್ತದೆ. ಬೆಳಗ್ಗೆ ಊರು ಸ್ನಾನ ಮಾಡುವ ಹೊತ್ತಿಗೆ ಮಟ್ಟ ಏರುತ್ತದೆ, ನಡುರಾತ್ರಿ ಇಳಿಯುತ್ತದೆ. ಮೇಲಿನಿಂದ ಅಳೆಯುವ ಸೆನ್ಸರ್ ತನಗೂ ನೀರಿಗೂ ನಡುವಿನ ಖಾಲಿ ಜಾಗವನ್ನಷ್ಟೇ ಬಲ್ಲದು. ಕೆಳಗಿರುವುದು ಎಷ್ಟು ನೀರು, ಎಷ್ಟು ಹೂಳು ಎಂಬುದು ಅದಕ್ಕೆ ತಿಳಿಯದು. ಇದು ದೋಷ ಎನಿಸಿದರೂ ವಾರಗಟ್ಟಲೆ ದಾಖಲೆ ನೋಡಿದರೆ ಇದೇ ಉಪಯೋಗಕ್ಕೆ ಬರುತ್ತದೆ. ಮಳೆಯೇ ಇಲ್ಲದ ಜನವರಿಯಿಂದ ಮಾರ್ಚಿನವರೆಗೆ ನಡುರಾತ್ರಿಯ ಕನಿಷ್ಠ ಮಟ್ಟ ನಿಧಾನವಾಗಿ ಮೇಲೇರುತ್ತಿದ್ದರೆ ತಳದಲ್ಲಿ ಹೂಳು ಕೂರುತ್ತಿದೆ, ಇಲ್ಲವೇ ಕೆಳಗೆಲ್ಲೋ ಕಟ್ಟಿಕೊಂಡಿದೆ.

ಮುಂಗಾರಿಗೆ ಮುಂಚೆ ಹೂಳೆತ್ತುವುದು ಪ್ರತಿವರ್ಷದ ವಿಧಿ. ಎಷ್ಟು ಎತ್ತಿದರು, ಎಲ್ಲಿ ಎತ್ತಿದರು, ಎತ್ತಿದ್ದನ್ನು ದಡದಲ್ಲೇ ಬಿಟ್ಟು ಮೊದಲ ಮಳೆಗೆ ಮತ್ತೆ ಒಳಗೇ ಹೋಗಲು ಬಿಟ್ಟರೇ ಎಂಬ ಜಗಳವೂ ಪ್ರತಿವರ್ಷದ್ದೇ. ಹೂಳು ನಿಜವಾಗಿಯೂ ಹೋಗಿದ್ದರೆ ಆ ಜಾಗದ ಸೆನ್ಸರ್‌ನ ಒಣದಿನದ ಮಟ್ಟ ಕೆಳಗಿಳಿಯಲೇಬೇಕು. ಇಳಿಯದಿದ್ದರೆ ಗುತ್ತಿಗೆದಾರರ ಬಿಲ್ ತಡೆಹಿಡಿಯಲು ಅದಕ್ಕಿಂತ ಬೇರೆ ಕಾರಣ ಬೇಡ. ಸೆನ್ಸರ್ ಜಾಲದ ಅತ್ಯಂತ ಅಗ್ಗದ ಉಪಯೋಗ ಇದು. ಇದನ್ನು ಯಾರೂ ಆಸೆಪಟ್ಟು ಕೇಳದಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ.

ಕಣ್ಣಿಗೆ ಕೈ ಜೋಡಿಸಿದ ಊರು

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಸೌತ್ ಬೆಂಡ್ ಎಂಬ ಮಧ್ಯಮ ಗಾತ್ರದ ನಗರವಿದೆ. ಅಲ್ಲಿ ಮಳೆನೀರು, ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ, ಮಳೆ ಹೆಚ್ಚಾದರೆ ಉಕ್ಕಿ ಸೇಂಟ್ ಜೋಸೆಫ್ ನದಿಗೆ ಹೋಗುತ್ತಿತ್ತು. ಹತ್ತಿರದ ನೋಟ್ರ ಡಾಮ್ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳ ಜೊತೆಗೂಡಿ 2008ರ ಸುಮಾರಿಗೆ ನಗರವು ತನ್ನ ಕೊಳವೆಗಳಲ್ಲಿ ನೂರಕ್ಕೂ ಹೆಚ್ಚು ಸೆನ್ಸರ್‌ಗಳನ್ನು ಹಾಕಿತು. ಅಲ್ಲಿ ಬದಲಾವಣೆ ತಂದದ್ದು ಬರೀ ಸೆನ್ಸರ್‌ಗಳಲ್ಲ, ಅವುಗಳ ಮಾತು ಕೇಳಿ ತಾವಾಗಿ ತೆರೆದು ಮುಚ್ಚುವ ಕವಾಟಗಳು. ಒಂದು ಕೊಳವೆ ತುಂಬುತ್ತಿದ್ದರೆ ಖಾಲಿ ಇರುವ ಇನ್ನೊಂದರತ್ತ ನೀರನ್ನು ತಿರುಗಿಸಿ, ಇರುವ ಕೊಳವೆಗಳನ್ನೇ ತಾತ್ಕಾಲಿಕ ತೊಟ್ಟಿಯಂತೆ ಬಳಸಿದರು. ನದಿಗೆ ಉಕ್ಕುವ ಕೊಳಕು ನೀರು ಗಣನೀಯವಾಗಿ ಇಳಿಯಿತು.

ಬೆಂಗಳೂರಿನ ರಾಜಕಾಲುವೆಗಳು ತೆರೆದ ಕಾಲುವೆಗಳು, ಅಲ್ಲಿ ತಿರುಗಿಸಲು ಕವಾಟಗಳಿಲ್ಲ. ಆದರೆ ಕೆರೆಗಳಿವೆ. ನಮ್ಮ ಹಳ್ಳಿಗಳಲ್ಲಿ ಕೆರೆ ಕಾಯುತ್ತಿದ್ದ ನೀರುಗಂಟಿ ಏರಿಯ ಮೇಲೆ ನಿಂತು ಮಟ್ಟ ನೋಡುತ್ತಿದ್ದ, ತೂಬು ಎತ್ತುತ್ತಿದ್ದವನೂ ಅವನೇ. ಬೆಂಗಳೂರಿನಲ್ಲಿ ಗದ್ದೆಗಳು ಹೋದ ಮೇಲೆ ತೂಬುಗಳೂ ಹೋದವು. ಹೆಚ್ಚಿನ ಕೆರೆಗಳಲ್ಲಿ ಈಗ ಉಳಿದಿರುವುದು ಕೋಡಿ ಮಾತ್ರ. ಕೆರೆ ತುಂಬಿದರೆ ಹೊರಹೋಗುತ್ತದೆ, ತುಂಬುವ ಮೊದಲು ಇಳಿಸುವ ದಾರಿಯೇ ಇಲ್ಲ. 20 ಹೆಕ್ಟೇರ್ ವಿಸ್ತಾರದ ಒಂದು ಕೆರೆಯನ್ನು ಮಳೆಗೆ ಮುಂಚೆ ಅರ್ಧ ಮೀಟರ್ ಇಳಿಸಿದರೆ ಒಂದು ಲಕ್ಷ ಘನ ಮೀಟರ್ ನೀರಿಗೆ ಜಾಗವಾಗುತ್ತದೆ. ಮೇಲೆ ಲೆಕ್ಕ ಹಾಕಿದ ಸೆಕೆಂಡಿಗೆ 12.5 ಘನ ಮೀಟರ್ ಹರಿವನ್ನು ಅದು ಎರಡು ಗಂಟೆಗೂ ಹೆಚ್ಚು ಕಾಲ ಪೂರ್ತಿಯಾಗಿ ನುಂಗಬಲ್ಲದು. ಬೆಂಗಳೂರಿನ ಎಷ್ಟೋ ಮಳೆಗಳು ಅಷ್ಟು ಹೊತ್ತು ಇರುವುದೇ ಇಲ್ಲ.

2022ರ ಪ್ರವಾಹದ ನಂತರ ಕೆರೆಗಳಿಗೆ ಗೇಟು ಅಳವಡಿಸುವ ಮಾತನ್ನು ಸರ್ಕಾರವೇ ಆಡಿತು. 2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತಂದಾಗ ಅದೇ ಮಾತು ಮತ್ತೆ ಕೇಳಿಬಂತು. ಗೇಟು ಬಂದರೂ ಅದನ್ನು ಯಾವಾಗ ತೆರೆಯಬೇಕು ಎಂಬ ನಿರ್ಧಾರ ಸುಲಭದ್ದಲ್ಲ. ತೆರೆದ ಮೇಲೆ ಮಳೆ ಬರದಿದ್ದರೆ ಬೇಸಿಗೆಗೆ ಕೆರೆ ಬತ್ತಿತೆಂಬ ದೂರು ಬರುತ್ತದೆ. ತೆರೆಯದೆ ಮಳೆ ಬಂದರೆ ಮುಳುಗಿದ ಮನೆಗಳವರು ಕೇಳುತ್ತಾರೆ. ವಿಜ್ಞಾನ ಸಂಸ್ಥೆಯ ಮಾದರಿಯಂಥದ್ದಕ್ಕೆ ನಿಜವಾದ ಕೆಲಸವಿರುವುದು ಇಲ್ಲಿ. ಜನರಿಗೆ ನಕ್ಷೆ ತೋರಿಸುವುದಕ್ಕಿಂತ ಗೇಟಿನ ಬಳಿ ನಿಂತ ಎಂಜಿನಿಯರ್‌ಗೆ ‘ಇನ್ನು ಮೂರು ಗಂಟೆಯಲ್ಲಿ ಮೇಲಿನಿಂದ ಇಷ್ಟು ನೀರು ಬರಲಿದೆ’ ಎಂದು ಬರಹದಲ್ಲಿ ಕೊಡುವುದು, ಆ ಬರಹವನ್ನು ನಂಬಿ ಗೇಟು ತೆರೆದವರನ್ನು ಆಮೇಲೆ ವಿಚಾರಣೆಗೆ ಎಳೆಯದಿರುವುದು.

ಅಂಡರ್‌ಪಾಸ್‌ಗೆ ಬೇಕಾದದ್ದು

ಮತ್ತೆ ಅಂಡರ್‌ಪಾಸ್‌ಗಳ ವಿಷಯ. ಅಲ್ಲಿ ಮಾದರಿ ಬೇಡ, ಮುನ್ಸೂಚನೆ ಬೇಡ, ಆ್ಯಪ್ ಅಂತೂ ಬೇಡವೇ ಬೇಡ. ಮಳೆಯಲ್ಲಿ ವಾಹನ ಓಡಿಸುವವರು ಮೊಬೈಲ್ ತೆರೆದು ಪ್ರವಾಹದ ನಕ್ಷೆ ನೋಡುತ್ತಾರೆ ಎಂದು ನಂಬುವವರು ಬೆಂಗಳೂರಿನಲ್ಲಿ ವಾಹನ ಓಡಿಸಿರಲಾರರು. ಸುಮಾರು 15 ಸೆಂಟಿಮೀಟರ್ ನೀರು ಬಹುತೇಕ ಕಾರುಗಳ ಅಡಿಭಾಗವನ್ನು ಮುಟ್ಟುತ್ತದೆ, 30 ಸೆಂಟಿಮೀಟರ್ ನೀರಿನಲ್ಲಿ ಅನೇಕ ಕಾರುಗಳು ತೇಲತೊಡಗುತ್ತವೆ ಎಂದು ಅಮೆರಿಕದ ಹವಾಮಾನ ಸೇವೆ ಚಾಲಕರಿಗೆ ಎಚ್ಚರಿಸುತ್ತದೆ. ಮಬ್ಬುಗತ್ತಲಿನ ಇಳಿಜಾರಿನಲ್ಲಿ ಕೆಂಪು ಮಣ್ಣಿನ ನೀರಿನ ಆಳ ಕಣ್ಣಳತೆಗೆ ಸಿಗುವುದಿಲ್ಲ. ಮುಂದಿನ ವಾಹನ ದಾಟಿತಲ್ಲ ಎಂಬುದೊಂದೇ ಚಾಲಕನಿಗಿರುವ ಮಾಹಿತಿ.

ಅಂಡರ್‌ಪಾಸ್‌ನ ಅತಿ ತಗ್ಗಿನ ಜಾಗದ ಗೋಡೆಗೆ, 15 ಸೆಂಟಿಮೀಟರ್ ಎತ್ತರದಲ್ಲಿ, ಮನೆಯ ನೀರಿನ ಟ್ಯಾಂಕಿನಲ್ಲಿರುವಂಥ ತೇಲುಗುಂಡಿನ ಸ್ವಿಚ್ ಸಾಕು. ನೀರು ಅದನ್ನು ಎತ್ತಿದ ಕೂಡಲೇ ಎರಡೂ ಬದಿಯ ಬಾಯಲ್ಲಿ ಕೆಂಪು ದೀಪ ಉರಿಯಬೇಕು, ರೈಲ್ವೆ ಗೇಟಿನಂತೆ ಅಡ್ಡಪಟ್ಟಿ ತಾನಾಗಿ ಇಳಿಯಬೇಕು. ವಿದ್ಯುತ್ ಹೋದರೆ ಪಟ್ಟಿ ತನ್ನ ಭಾರಕ್ಕೇ ಕೆಳಗೆ ಬೀಳುವಂತಿರಬೇಕೇ ಹೊರತು ಮೇಲೆ ಉಳಿಯಬಾರದು. ಗಾಳಿಗೆ ಉರುಳುವ ಬ್ಯಾರಿಕೇಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಇಷ್ಟು ಸಾಕು. ಸಂದೇಶ ನಿಯಂತ್ರಣ ಕೊಠಡಿಗೆ ಹೋಗಲಿ, ಒಳ್ಳೆಯದೇ, ಆದರೆ ದೀಪ ಉರಿಯುವುದಕ್ಕೆ ಅದು ಕಾಯಬಾರದು. ಇಂಥ ಸ್ವಿಚ್ಚನ್ನೂ ವರ್ಷಕ್ಕೆ ಎರಡು ಸಲವಾದರೂ ಬಕೆಟ್‌ನಲ್ಲಿ ನೀರು ತಂದು ಪರೀಕ್ಷಿಸಬೇಕು. ನೆರೆ ಬಂದ ದಿನ ಕೆಲಸ ಮಾಡಬೇಕಾದ ಯಂತ್ರ ಉಳಿದ ದಿನಗಳಲ್ಲಿ ಯಾರ ಗಮನಕ್ಕೂ ಬಾರದೆ ತುಕ್ಕು ಹಿಡಿಯುತ್ತದೆ.

ಯಾರ ಫೋನು ಹೊಡೆದುಕೊಳ್ಳಬೇಕು

ಅಂಡರ್‌ಪಾಸ್ ಬಿಟ್ಟು ಉಳಿದೆಡೆ ಮನುಷ್ಯರು ಬೇಕೇ ಬೇಕು, ಅಲ್ಲಿಯೇ ತೊಡಕು. ರಾಜಕಾಲುವೆ ಒಂದು ವಿಭಾಗದ್ದು, ರಸ್ತೆಬದಿ ಚರಂಡಿ ಇನ್ನೊಂದರದ್ದು, ಅದರಲ್ಲಿ ಹರಿಯುವ ಕೊಳಚೆ ಜಲಮಂಡಳಿಯದ್ದು, ಮೇಲಿನ ವಾಹನಗಳು ಸಂಚಾರ ಪೊಲೀಸರದ್ದು, ಮಳೆಯ ಅಂಕಿ ಯಲಹಂಕದ ಉಸ್ತುವಾರಿ ಕೇಂದ್ರದ್ದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು ಬಂದವು. ನಗರದ ನಡುವೆ ಹುಟ್ಟಿ ಬೆಳ್ಳಂದೂರಿನತ್ತ ಇಳಿಯುವ ನೀರಿಗೆ ಈ ಗಡಿಗಳು ಗೊತ್ತಿಲ್ಲ. ಮೇಲಿನ ಪಾಲಿಕೆಯ ಸೆನ್ಸರ್ ಕೆಂಪಾದಾಗ ಮುಳುಗುವುದು ಕೆಳಗಿನ ಪಾಲಿಕೆಯ ಬಡಾವಣೆ.

ಆದ್ದರಿಂದ ಪ್ರತಿ ಸೆನ್ಸರ್‌ನ ದಾಖಲೆಯಲ್ಲಿ ಅಕ್ಷಾಂಶ, ರೇಖಾಂಶ, ಆಳಗಳ ಜೊತೆಗೆ ಇನ್ನೂ ಮೂರು ಸಂಗತಿ ಇರಬೇಕು. ಮೊದಲನೆಯದು, ಅದು ಕೆಂಪಾದರೆ ಕೆಳಭಾಗದಲ್ಲಿ ಮೊದಲು ಮುಳುಗುವ ರಸ್ತೆಗಳ ಹೆಸರು. ಎರಡನೆಯದು, ಆ ಕೆಳಭಾಗದ ಸಹಾಯಕ ಎಂಜಿನಿಯರ್ ಮತ್ತು ಸಂಚಾರ ಠಾಣೆಯ ಫೋನ್ ಸಂಖ್ಯೆ. ಸೆನ್ಸರ್ ಇರುವ ಜಾಗದವರದ್ದಲ್ಲ, ಮುಳುಗುವ ಜಾಗದವರದ್ದು. ಮೂರನೆಯದು, ಕರೆ ಹೋದ ಮೇಲೆ ಎಷ್ಟು ನಿಮಿಷಕ್ಕೆ ಯಾರು ಅಲ್ಲಿಗೆ ತಲುಪಿದರು ಎಂಬ ದಿನಚರಿ. ಮಳೆಗಾಲ ಮುಗಿದ ಮೇಲೆ ಈ ದಿನಚರಿಯನ್ನು, ಹೂಳೆತ್ತುವ ಮೊದಲಿನ ಮತ್ತು ನಂತರದ ಮಟ್ಟದ ದಾಖಲೆಯ ಜೊತೆಗೆ, ವಾರ್ಡ್‌ವಾರು ಪ್ರಕಟಿಸಲು ಹೊಸ ಯಂತ್ರವೊಂದನ್ನೂ ಕೊಳ್ಳಬೇಕಾಗಿಲ್ಲ. ಅಂಕಿಗಳು ಈಗಾಗಲೇ ಸರ್ವರ್‌ಗಳಿಗೆ ಬಂದು ಬೀಳುತ್ತಿವೆ.